ಮೂರು ಬಡಾವಣೆಗಳ ಒಂದು ಊಟ

ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ‘ಗಿರಿಜಾ’ ಎಂಬ ಹೆಸರಿನ ಕೊನೆಯ ಅಕ್ಷರ, ಜಾಗ ಸಾಲದೆ, ಅಂಚಿನ ಮೇಲೆ ಹತ್ತಿ ಕುಳಿತಿದೆ. ಇವತ್ತು ತೆರೆದರೆ ಒಳಗೆ ಶೇಂಗಾ ಚಟ್ನಿಪುಡಿಯ ವಾಸನೆ. ಡಬ್ಬಿ ನಮ್ಮದಲ್ಲ. ಹೋದ ವರ್ಷದಿಂದ ವಿಜಯನಗರಕ್ಕೂ ಗೋವಿಂದರಾಜನಗರದ ನಮ್ಮ ಮನೆಗೂ ಓಡಾಡಿಕೊಂಡಿದೆ. ಹೇಗೆ ಎಂದು ಹೇಳುತ್ತೇನೆ, ಕೇಳಿ.

ಮೂಲ ಯೋಚನೆ ನನ್ನ ಸಹೋದ್ಯೋಗಿ ಸುಮಂಗಲಾಳದು. ಒಂದೇ ಸಂಜೆ, ಊಟದ ಒಂದೊಂದು ಭಾಗ ಒಂದೊಂದು ಕಡೆ. ಹಿಂದೆ ನಮ್ಮ ಕೆಳಗಿನ ಮನೆಯಲ್ಲಿದ್ದ ಸೆಲ್ವಿ ಆಂಟಿ ಈಗ ರಾಜಾಜಿನಗರದಲ್ಲಿದ್ದಾರೆ, ಅಲ್ಲಿ ಪಣಿಯಾರ. ವಿಜಯನಗರದಲ್ಲಿ ಸುಮಂಗಲಾಳ ತಾಯಿ ಗಿರಿಜಮ್ಮನವರ ಧಾರವಾಡದ ರೊಟ್ಟಿ. ಕೊನೆಗೆ ಬಸವೇಶ್ವರನಗರದ ರಾಜಸ್ಥಾನಿ ಅಂಗಡಿಯ ಬಿಸಿ ಜಿಲೇಬಿ.

“ಸಿಹಿ ನಿಮ್ಮನ್ಯಾಗ ಇಟ್ಕೊಳ್ಳೋಣಲ್ಲ?” ಎಂದಳು ಸುಮಂಗಲಾ. ನಾನು ಒಪ್ಪಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಯಾರ ಮನೆಗೂ ಊಟಕ್ಕೆ ಹೋಗಿರಲಿಲ್ಲ. ಯಾರು ಕರೆದರೂ “ನೀನು ಹೋಗಿ ಬಾ” ಎನ್ನುವಳು. ಸಿಹಿ ನಮ್ಮ ಮನೆಯಲ್ಲಾದರೆ ಅದನ್ನೇ ನೆಪಮಾಡಿ ಒಲೆಯ ಮುಂದೆ ಉಳಿದುಬಿಡುತ್ತಾಳೆ. ಈ ಊಟ ಅವಳನ್ನು ಹೊಸಿಲು ದಾಟಿಸಲೇಬೇಕಿತ್ತು. ಸುಮಂಗಲಾಳಿಗೆ ಅದನ್ನು ಹೇಳಲಿಲ್ಲ. ನಾನು ಇಂಥದ್ದನ್ನು ಹೇಳಿಕೊಳ್ಳುವವಳಲ್ಲ. ಆಫೀಸಿನಲ್ಲಿ ಕೇಕ್ ಕತ್ತರಿಸುವಾಗಲೂ ಬಾಗಿಲ ಹತ್ತಿರವೇ ನಿಲ್ಲುವವಳು. ಅಂಥ ನಾನು ಆ ವಾರ ಮೆಟ್ರೋದಲ್ಲಿ ನಿಂತು, ಯಾವುದರ ನಂತರ ಯಾವುದು ಎಂದು ಮನಸ್ಸಿನಲ್ಲೇ ಜೋಡಿಸುತ್ತ, ಇಳಿಯಬೇಕಾದ ಸ್ಟೇಷನ್ನನ್ನೇ ಮರೆತೆ.

ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಪಕ್ಕ ಕುಳಿತು ಯೋಜನೆಯನ್ನು ಒಪ್ಪಿಸಿದೆ. ಬೇಕೆಂದೇ ತಿರುವುಮುರುವು ಮಾಡಿ, ಮೊದಲು ರೊಟ್ಟಿ, ಆಮೇಲೆ ಪಣಿಯಾರ ಎಂದೆ.

“ರೊಟ್ಟಿ ತಿಂದ್ಮೇಲೆ ಯಾರೇ ಪಣಿಯಾರ ತಿಂತಾರೆ? ಇಷ್ಟು ಓದಿ ಏನು ಬಂತು?”

“ಹಾಗಾದ್ರೆ ಸರಿಯಾಗಿ ನಡೆಸೋಕೆ ನೀನೇ ಬಾ.”

ಅಮ್ಮ ದಂಟುಗಳನ್ನು ಒಟ್ಟುಮಾಡಿಕೊಂಡು ಎದ್ದು ಹೋದಳು.

ಶನಿವಾರ ಸಂಜೆ ನಾನಿನ್ನೂ ಕನ್ನಡಿಯ ಮುಂದಿದ್ದಾಗ ಮೆಟ್ಟಿಲ ಬಳಿಯಿಂದ ದನಿ ಬಂತು: “ಇನ್ನೂ ತಲೆ ಬಾಚ್ತಾನೇ ಇದೀಯಾ? ಪಣಿಯಾರ ಆರೋಗತ್ತೆ, ಬಾರೇ.” ಅಮ್ಮ ಚಪ್ಪಲಿ ಮೆಟ್ಟಿ, ಬೀಗ ಹಿಡಿದು ನಿಂತಿದ್ದಳು. ಬಾಚಣಿಗೆಯನ್ನು ಎಲ್ಲಿಟ್ಟೆನೋ, ಓಡಿದೆ.

ನಮ್ಮ ಯೋಜನೆಯಲ್ಲಿ ಒಂದೇ ತಪ್ಪಿತ್ತು. ಮನೆಗೆ ಬಂದವರನ್ನು ಅರ್ಧ ಊಟ ಹಾಕಿ ಕಳಿಸುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ರಾಜಾಜಿನಗರದಲ್ಲಿ ಪಣಿಯಾರ ಮುಗಿಸಿ ಏಳುವಷ್ಟರಲ್ಲಿ ಸೆಲ್ವಿ ಆಂಟಿ ತಟ್ಟೆ ಹಾಕಿದ್ದರು.

“ಬರೀ ಪಣಿಯಾರ ತಿಂದು ಹೋಗೋದಾ? ಸಾಂಬಾರ್ ಅನ್ನ ಮಾಡಿದೀನಿ ಮಾ, ಕೂತ್ಕೊಳ್ಳಿ.”

“ಪಣಿಯಾರ ಅಲ್ಲ ಆಂಟಿ, ಇದು ನಮ್ಮ ಪಡ್ಡು,” ಎಂದಳು ಅಲ್ಲಿಗೇ ಬಂದು ನಮ್ಮನ್ನು ಸೇರಿದ್ದ ಸುಮಂಗಲಾ.

“ನಿಮ್ದೇ ಅನ್ಕೊಂಡು ಇನ್ನೆರಡು ತಿನ್ನು.”

ವಿಜಯನಗರ ತಲುಪಿದಾಗ ಹೊಟ್ಟೆಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಅಲ್ಲಿ ರೊಟ್ಟಿ, ಎಣ್ಣೆಗಾಯಿ, ಕಡಲೆಹಿಟ್ಟಿನ ಜುಣಕ, ಅದರ ಹಿಂದೆಯೇ ಹೋಳಿಗೆ. “ಇಷ್ಟ ತಿಂದು ಏಳೂದೇನ್ರೀ? ನಮ್ಮನಿ ಮರ್ಯಾದಿ ಏನಾಗಬೇಕು?” ಎಂದು ಗಿರಿಜಮ್ಮ ಗದರಿಸಿದರು. ಸೋತು ಕೈ ಅಡ್ಡ ಹಿಡಿದವಳು ನಾನು. ಅಮ್ಮ ಮಾತ್ರ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಎಣ್ಣೆಗಾಯಿಗೆ ಹುಚ್ಚೆಳ್ಳು ಹುರಿದು ಹಾಕಿದಿರೋ ಹಸಿಯೋ ಎಂದು ಕೇಳಿದಳು. ಇಬ್ಬರೂ ಅಡುಗೆಮನೆಗೆ ಹೋದರು. ಒಳಗಿನಿಂದ ಅಮ್ಮನ ನಗು ಕೇಳಿಸಿತು. ಹಾಗೆ ದೊಡ್ಡದಾಗಿ ನಗುತ್ತಾಳೆ ಎಂಬುದೇ ನನಗೆ ಮರೆತುಹೋಗಿತ್ತು.

ಜಿಲೇಬಿ ಅಂಗಡಿಯನ್ನು ನಾವು ತಲುಪಲೇ ಇಲ್ಲ. ಹೊರಡುವಾಗ ಸೆಲ್ವಿ ಆಂಟಿ ಪಣಿಯಾರ ತುಂಬಿ ಕೊಟ್ಟಿದ್ದ ಡಬ್ಬಿಯ ಜೊತೆಗೆ ಹೆಸರು ಕೊರೆದ ಗಿರಿಜಮ್ಮನವರದೂ ಕೈಗೆ ಬಂತು.

“ಮತ್ತ ಯಾವಾಗ ಬರ್ತೀರಿ?” ಎಂದು ಗಿರಿಜಮ್ಮ ಕೇಳಿದರು.

“ನೋಡೋಣ,” ಎಂದಳು ಅಮ್ಮ. ಅವಳ ‘ನೋಡೋಣ’ ನನಗೆ ಗೊತ್ತು. ಅದರ ನಂತರ ಏನೂ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಮನೆಯೆಲ್ಲ ತುಪ್ಪದ ಘಮ. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಅಮ್ಮ ರವೆ ಉಂಡೆ ಕಟ್ಟಿ ಎರಡನ್ನೂ ತುಂಬಿಸಿದ್ದಳು. “ಆಚೆ ಹೋಗ್ತಾ ಎರಡೂ ಕೊಟ್ಬಿಡು,” ಎಂದಳು. ನಾನು ಸೆಲ್ವಿ ಆಂಟಿಯದನ್ನು ಕೈಯಲ್ಲಿ ಹಿಡಿದು, ಗಿರಿಜಮ್ಮನವರದನ್ನು ಅಡುಗೆಕಟ್ಟೆಯ ಮೇಲೇ ಬಿಟ್ಟೆ.

“ಬ್ಯಾಗಲ್ಲಿ ಜಾಗ ಇಲ್ಲಮ್ಮ. ವಿಜಯನಗರ ಇಲ್ಲೇ ಅಲ್ವಾ, ನೀನೇ ಕೊಟ್ಬಾ.”

ಅವಳು ಉತ್ತರಿಸುವ ಮೊದಲೇ ಮೆಟ್ಟಿಲಿಳಿದೆ. ಬ್ಯಾಗಿನಲ್ಲಿ ಛತ್ರಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.