ದಸ್ತಗಿರ್ ಸಮುದ್ರದಿಂದ ಮಾಡಿದ ಫೋನು

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಗಳಲ್ಲಿ ಮಾತಿನ ಮರ್ಯಾದೆಯೇ ಬೇರೆ. ಬೀಗರೇ ಬಂದು ಎದುರಿಗೆ ಕೂತಿರಲಿ, ಬಿಸಿನೀರಿನ ತೊಟ್ಟಿಯಲ್ಲಿ ಎಳೆ ಹರಿಯಿತೋ, ಅರ್ಧ ಮಾತನ್ನು ಅಲ್ಲೇ ಬಿಟ್ಟು ಎದ್ದು ಓಡಬೇಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಓಡಿದವನು ತಿರುಗಿ ಬಂದರೆ, ಮನೆಮಾತು ಉರ್ದುವಿರಲಿ ತೆಲುಗಿರಲಿ, ಕೂತವರು ಕನ್ನಡದಲ್ಲೇ "ಎಳೆ ಸಿಕ್ತಾ?" ಎಂದು ಕೇಳುತ್ತಾರೆ. ಮಾತು ಬಿಟ್ಟ ಕಡೆಯಿಂದ ಮುಂದುವರಿಯುತ್ತದೆ.

ಅಂಥ ಮನೆಯಲ್ಲಿ ಹುಟ್ಟಿದ ದಸ್ತಗಿರ್ ಎಲ್ಲಿಗೆ ಹೋಗಿ ಸೇರಿದ ಅಂತೀರಿ? ಊರ ಕೆರೆಗೆ ಕಾಲಿಡಲು ಹೆದರುತ್ತಿದ್ದ ಪುಣ್ಯಾತ್ಮ, ಐಟಿಐ ಮುಗಿಸಿ, ತೊಂಬತ್ತರ ದಶಕದ ಶುರುವಿನಲ್ಲಿ, ಬೊಂಬಾಯಿಯಿಂದಾಚೆ ನಡುಸಮುದ್ರದಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತ ಎಣ್ಣೆಬಾವಿಯ ಅಟ್ಟಣೆ ಹತ್ತಿಬಿಟ್ಟ! ಅಲ್ಲಿ ಪೈಪುಗಳ ಕವಾಟ ತೆರೆದು ಮುಚ್ಚುವ ಯಂತ್ರ ಒಂದು ಕಂಪನಿಯದು, ಗ್ಯಾಸ್ ಸೋರಿದರೆ ಕೂಗುವ ಸೈರನ್ ಇನ್ನೊಂದರದು, ಫೋನು, ಲೌಡ್‌ಸ್ಪೀಕರು ಮತ್ತೊಂದರದು. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಅವನ್ನೆಲ್ಲ ತಂತಿಯಲ್ಲಿ ಬೆಸೆದು ಒಂದೇ ಕೋಣೆಯಿಂದ ನಡೆಸುವಂತೆ ಮಾಡುವ ತಂಡದಲ್ಲಿ ದಸ್ತಗಿರ್ ಇದ್ದ.

ರಜೆಗೆ ಊರಿಗೆ ಬಂದಾಗ ವಜೀರ್ ಸಾಹೇಬರ ಮಗಳು ಅಜೀಜಾಳನ್ನು ನೋಡಿದ. ಅವಳು ಚಹಾ ಕೊಟ್ಟು ಒಂದೂ ಮಾತಾಡದೆ ಒಳಗೆ ಹೋದಳು. ಅಷ್ಟೇ, ಇವನ ತಲೆ ತಿರುಗಿತು. ಆದರೆ ವಜೀರ್ ಸಾಹೇಬರು ಬಿಡಬೇಕಲ್ಲ! ಗೂಡಿನ ಮಾರ್ಕೆಟ್ಟಿನಲ್ಲಿ ಜಗಳಾಡಿ ಪಳಗಿದ ಅವರಿಗೆ ಖಡಕ್ಕಾಗಿ ಮಾತಾಡಬೇಕಾದರೆ ಕನ್ನಡವೇ ಬೇಕು.

"ಕೂಗಿದ್ರೆ ಓ ಅನ್ನೋರಿಲ್ದಿರೋ ಜಾಗಕ್ಕೆ ಹೆಣ್ಣು ಕೊಡಲ್ಲ ಕಣಪ್ಪ. ವಾಪಸ್ ಹೋದ ಮೊದಲ್ನೇ ಶುಕ್ರವಾರ, ನಮಾಜ್ ಆದ್ಮೇಲೆ ಮಗಳ್ನೂ ಕರ್ಕೊಂಡು ಬಂದು ಕೋನಪ್ಪನ ಎಸ್‌ಟಿಡಿ ಬೂತಲ್ಲಿ ಕೂತಿರ್ತೀನಿ. ಸಮುದ್ರದಿಂದ ಮಾತಾಡು. ಆಗ್ಲಿಲ್ವಾ, ಚಿಂತಾಮಣಿ ಊರಿಂದ ಬಂದಿರೋ ಸಂಬಂಧಕ್ಕೆ ಹೂಂ ಅಂದ್ಬಿಡ್ತೀನಿ."

ದಸ್ತಗಿರ್ ವಾಪಸ್ ಹೋಗಿ ಹುಚ್ಚು ಹಿಡಿದವನಂತೆ ದುಡಿದ. ಶುಕ್ರವಾರದ ಹೊತ್ತಿಗೆ ಎಲ್ಲ ಬೆಸುಗೆಯೂ ಕೂತಿತ್ತು. ಮೆಟ್ಟಿಲು ಹತ್ತುವಾಗ ಹಾಡು, ಇಳಿಯುವಾಗ ಸೀಟಿ. ಆ ಸಡಗರದಲ್ಲೇ ಎಡವಟ್ಟಾಯಿತು ನೋಡಿ: ಪರೀಕ್ಷೆಗೆಂದು ಫೋನನ್ನು ಲೌಡ್‌ಸ್ಪೀಕರಿಗೆ ಸೇರಿಸಿದ್ದನ್ನು ಬಿಡಿಸುವುದೇ ಮರೆತ.

"ಚಾಚಾ, ನಾನು ದಸ್ತಗಿರ್!"

"ಕೇಳ್ತೈತೆ! ಕುಡಿಯೋ ಚಟ ಐತಾ?"

ಆ ಪ್ರಶ್ನೆ ಅಟ್ಟಣೆಯ ಪ್ರತಿ ಮೂಲೆಯ ಸ್ಪೀಕರಿನಿಂದ ಮೊಳಗಿತು. ಮರಾಠಿಯವರು, ಮಲಯಾಳಿಗಳು, ಬಂಗಾಳಿಗಳು ಕೈಕೆಲಸ ನಿಲ್ಲಿಸಿ ಕಿವಿಗೊಟ್ಟರು. ಕನ್ನಡ ಬಾರದಿದ್ದರೇನು, ಮಾವನಾಗುವವನ ದನಿ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ. ದಸ್ತಗಿರನ ಮುಖ ಕೆಂಪಾಯಿತು. ಸ್ಪೀಕರಿನ ಗುಂಡಿ ಫೋನಿನ ಕೋಣೆಯ ಆ ತುದಿಯಲ್ಲಿತ್ತು, ಫೋನು ಕೆಳಗಿಡಲು ಧೈರ್ಯವಿಲ್ಲ.

"ಇಲ್ಲ ಚಾಚಾ, ಆಣೆಗೂ ಇಲ್ಲ!"

"ಸರಿ. ಕೊನೇದಾಗಿ ಒಂದು ಕೇಳ್ತೀನಿ. ನನ್ನ ಮಗಳ್ನ..."

ಅಷ್ಟರಲ್ಲಿ ಸೈರನ್ ಬೊಬ್ಬಿಟ್ಟಿತು. ಸೈರನ್ ಬಂದರೆ ಉಳಿದೆಲ್ಲ ದನಿಯೂ ಬಾಯಿ ಮುಚ್ಚಬೇಕೆಂದು ಏರ್ಪಾಡು ಮಾಡಿದವನು ಇವನೇ. ಎಲ್ಲೋ ಗ್ಯಾಸ್ ಸೋರುತ್ತಿತ್ತು. ಸಲಾಮೂ ಹೇಳದೆ, ಫೋನನ್ನು ಮೇಜಿನ ಮೇಲೆ ಬಿಸಾಕಿ ದಸ್ತಗಿರ್ ಪಕ್ಕದ ಕಂಟ್ರೋಲ್ ರೂಮಿಗೆ ಓಡಿದ.

ಅಬ್ಬಾ! ಬೆಸೆದದ್ದೆಲ್ಲ ಬೆಸೆದ ಹಾಗೇ ಕೆಲಸ ಮಾಡಿತ್ತು. ಗ್ಯಾಸಿನ ವಾಸನೆ ಪತ್ತೆಹಚ್ಚುವ ಪೆಟ್ಟಿಗೆ ಕವಾಟಕ್ಕೆ ಹೇಳಿತ್ತು, ಕವಾಟ ತಾನೇ ಮುಚ್ಚಿಕೊಂಡಿತ್ತು. ಸಡಿಲವಾಗಿದ್ದ ಪೈಪನ್ನು ಬಿಗಿ ಮಾಡಿದರು, ಯಾರಿಗೂ ಏನೂ ಆಗಲಿಲ್ಲ. ದೊಡ್ಡ ಇಂಜಿನಿಯರರು ಬೆನ್ನು ತಟ್ಟಿದಾಗಲೇ ದಸ್ತಗಿರನಿಗೆ ನೆನಪಾದದ್ದು. ಯಾ ಅಲ್ಲಾ! ಹಿರಿಯರ ಮಾತನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೇನೆ! ಇನ್ನು ಅಜೀಜಾಳಿಗೆ ಚಿಂತಾಮಣಿಯವನೇ ಗತಿ ಅಂದುಕೊಂಡು ವಾಪಸ್ ಓಡಿದ.

ಸೈರನ್ ನಿಂತಿತು. ನಿಂತದ್ದೇ ತಡ, ಸ್ಪೀಕರುಗಳಲ್ಲಿ ಮತ್ತೆ ಶಿಡ್ಲಘಟ್ಟ ಕೇಳಿಸಿತು.

"ಇಟ್ಬಿಡಿ ಸಾಬ್ರೇ, ಲೈನ್ ಸತ್ತೋಯ್ತು," ಎನ್ನುತ್ತಿದ್ದ ಬೂತಿನ ಕೋನಪ್ಪ.

"ಸತ್ತಿಲ್ಲ ಕಣಯ್ಯಾ!" ವಜೀರ್ ಸಾಹೇಬರು ಗದರಿದರು. "ಅಲ್ಲೇನೋ ಕೂಗ್ಕೊಂತು, ಕೇಳ್ಲಿಲ್ವಾ? ಎಳೆ ಹರಿದೈತೆ, ಹಿಡಿಯಕ್ಕೆ ಹೋಗವ್ನೆ. ಓಡ್ದೆ ನನ್ ಜೊತೆ ಹರಟ್ಕೊಂಡು ನಿಂತಿದ್ರೆ ನಾನೇ ಬ್ಯಾಡ ಅಂತಿದ್ದೆ. ಬರ್ತಾನೆ ಇರು. ಅಜೀಜಾ, ನೀನ್ ಹಿಡ್ಕೊಳಮ್ಮಾ, ನನ್ನ ಕೈ ಸೋತೋಯ್ತು."

ದಸ್ತಗಿರ್ ಫೋನೆತ್ತಿಕೊಂಡ. ಓಡಿ ಬಂದು ಏದುಸಿರು ಬಿಡುತ್ತಿದ್ದ. ಇಡೀ ಅಟ್ಟಣೆ ಉಸಿರು ಹಿಡಿದು ನಿಂತಿತ್ತು. ಆ ಏದುಸಿರನ್ನು ಕೇಳಿಸಿಕೊಂಡ ಅಜೀಜಾ, ಅವನೊಡನೆ ಆವರೆಗೆ ಒಂದೂ ಮಾತಾಡದಿದ್ದ ಅಜೀಜಾ, ಮೆಲ್ಲಗೆ ಕೇಳಿದಳು:

"ಎಳೆ ಸಿಕ್ತಾ?"

"ಸಿಕ್ತು," ಎಂದ ದಸ್ತಗಿರ್. ಅಟ್ಟಣೆಯ ತುಂಬ ಎದ್ದ ಸಿಳ್ಳೆ ಕೋನಪ್ಪನ ಬೂತಿನಲ್ಲೂ ಕೇಳಿಸಿತಂತೆ.