ಎದುರು ಪುಟದ ಶಾಯಿ

ಆ ಪುಸ್ತಕ ಅವನ ಕೈಯಲ್ಲಿ ಎಷ್ಟು ಹೊತ್ತು ಇತ್ತೆಂದು ಖಚಿತವಾಗಿ ಹೇಳಲಾರೆ. ಒಮ್ಮೊಮ್ಮೆ ಐದು ನಿಮಿಷ ಎನಿಸುತ್ತದೆ, ಒಮ್ಮೊಮ್ಮೆ ಅರ್ಧ ತಾಸು. ಅವನು ಮೊಬೈಲ್ ಹಿಡಿದಾಗ ವರಾಂಡದಲ್ಲಿದ್ದ ನಾನು ಬೇರೆಡೆ ನೋಡುತ್ತಿದ್ದೆನೋ, ನೋಡುತ್ತಲೇ ಸುಮ್ಮನಿದ್ದೆನೋ, ಅದೂ ಸ್ಪಷ್ಟವಿಲ್ಲ. ಎರಡನೆಯದು ನಿಜವಾಗಿದ್ದರೆ ಅದನ್ನು ಮರೆಯಲು ನನಗೆ ಕಾರಣವಿದೆ.

2023ರ ಮಳೆಗಾಲ. ಸೇಡಂ ಕಡೆಯ ಒಂದು ಮಹಿಳಾ ಕಾಲೇಜಿನಲ್ಲಿ ನಾನು ಆರ್ಕೈವಿಸ್ಟ್. ಶಿಕ್ಷಕಿಯರು, ಹಳೆಯ ವಿದ್ಯಾರ್ಥಿನಿಯರು ಕೊಟ್ಟ ದಿನಚರಿ, ಪತ್ರ, ಸ್ಕ್ರ್ಯಾಪ್‌ಬುಕ್‌ಗಳಿಗೆ ಆಕ್ಸೆಷನ್ ನಂಬರ್, ಅಂದರೆ ಸಂಗ್ರಹದ ಕ್ರಮಸಂಖ್ಯೆ, ಹಾಕಿ ಕಾಪಾಡುವುದು ಕೆಲಸ. ನಿವೃತ್ತರಾದ ಹಾಸ್ಟೆಲ್ ವಾರ್ಡನ್ ತಮ್ಮ ಏಳು ಸ್ಕ್ರ್ಯಾಪ್‌ಬುಕ್ ಕೊಟ್ಟು ಒಂದೇ ಷರತ್ತು ಹಾಕಿದ್ದರು: "ಫೋಟೋ ಯಾರಿಗ್ಯಾದ್ರೂ ತೋರಸ್ರಿ. ಹುಡುಗ್ಯಾರ ಪತ್ರ ಮಾತ್ರ ಬ್ಯಾಡ."

ಕೊನೆಯ ಪುಸ್ತಕದಲ್ಲಿ ಒಂದು ಲಕೋಟೆ ಅಂಟಿಸಿತ್ತು. ಬರೆದವಳನ್ನು ಇಲ್ಲಿ ರೇಣುಕಾ ಎನ್ನುತ್ತೇನೆ. ಕುಂಚಾವರಂ ಕಡೆಯವಳು, ಅದೇ ಹಾಸ್ಟೆಲಿನಲ್ಲಿದ್ದು ಓದಿದವಳು. ಮನೆಯವರು ನಿಶ್ಚಯಿಸಿದ ಮದುವೆ ಬೇಡವೆಂದು ಓಡಿಬಂದು, ವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದು ಹೊಲಿಗೆ ಕೆಲಸಕ್ಕೆ ಸೇರಿದ್ದಳು. ಫೋನಿನಿಂದ ಪತ್ತೆಯಾದೀತೆಂದು ಹೆದರಿ ಇಂಕ್ ಪೆನ್ನಿನಲ್ಲಿ ವಾರ್ಡನ್ನರಿಗೆ ಪತ್ರ ಬರೆದಿದ್ದಳು. ಲಕೋಟೆಯ ಮೇಲೆ ಅವಳ ವಿಳಾಸ, ಒಳಗೆ ಮನೆಯೊಡತಿಯ ನಂಬರು. ನಾನು ಲಕೋಟೆ ಬಿಡಿಸಿ ಬೀಗದ ಕಪಾಟಿಗೆ ಸೇರಿಸಿದೆ. ನಿಯಮದ ಪ್ರಕಾರ ಕೆಲಸ ಮುಗಿಯಿತು.

ಕೆಲವು ದಿನಗಳ ನಂತರ, ಮಧ್ಯಾಹ್ನ, ಇಸ್ತ್ರಿ ಅಂಗಿಯ ನಲವತ್ತರ ಆಸುಪಾಸಿನ ಒಬ್ಬ ಬಂದ. "ನಮ್ಮ ರೇಣುಕಾ ಇಲ್ಲೇ ಕಲ್ತಾಳ್ರಿ. ಹಾಸ್ಟೆಲ್ ಫೋಟೋ ಅದಾವ ಅಂದ್ರು. ಒಂದು ತೋರಸ್ರಿ, ಆಕಿ ಅವ್ವ ಅಳಾಕತ್ತಾಳ."

"ನೀವು ಏನಾಗಬೇಕು?"

"ಸೋದರಮಾವ ರೀ."

ಫೋಟೋಗೆ ಷರತ್ತಿನ ಅಡ್ಡಿಯಿರಲಿಲ್ಲ. ನಮೂನೆಯ 'ಸಂಬಂಧ' ಕಾಲಂನಲ್ಲಿ ನಾನೇ 'ಪಾಲಕ' ಎಂದು ಬರೆದು, ಆ ಕೊನೆಯ ಪುಸ್ತಕ ಮುಂದಿಟ್ಟೆ.

ಚಹಾ ತಂದ ಅಟೆಂಡರ್ ಶರಣಮ್ಮ ನನ್ನನ್ನು ವರಾಂಡಕ್ಕೆ ಕರೆದಳು. "ಯಾರಂತ್ರಿ ಸರ ಅಂವ?"

"ರೇಣುಕಾಳ ಸೋದರಮಾವ."

"ಮತ್ತ ಪಾಲಕ ಅಂತ ಬರ್ದೀರಲ್ರಿ! ಅಕ್ಕನ ಮಗಳನ್ನ ಕೊಡೂದು ಯಾರಿಗ್ರಿ? ಯುನಿವರ್ಸಿಟಿ ಕಲ್ತು ಬಂದೀರಿ, ಇಷ್ಟು ತಿಳೀಲಿಲ್ಲೇನು? ಆಕಿ ಮನಿ ಬಿಟ್ಟಾಳಂತ ಹಾಸ್ಟೆಲ್‌ನಾಗೆಲ್ಲ ಸುದ್ದಿ ಅದ. ಓಡಿದ್ದು ಇಂವನ ಸಲುವಾಗೇ ಇರಬೇಕು."

ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ.

ಒಳಗೆ ಬಂದಾಗ ಆತ ಮೊಬೈಲ್ ಜೇಬಿಗೆ ಸೇರಿಸುತ್ತಿದ್ದ. ತೆರೆದಿದ್ದು ಲಕೋಟೆ ಬಿಡಿಸಿದ ಪುಟ. ಅದರ ಎದುರು ಪುಟದಲ್ಲಿ, ನಾನು ಕಲೆ ಎಂದುಕೊಂಡಿದ್ದ ನೀಲಿ ಗುರುತು. ಮಳೆಯ ತೇವಕ್ಕೆ ಲಕೋಟೆಯ ಶಾಯಿ ಅಲ್ಲಿಗೆ ಹತ್ತಿಕೊಂಡಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದರೂ ಅವು ಅಕ್ಷರಗಳೇ.

"ಭಾಳ ಉಪಕಾರ ಆತ್ರಿ" ಎಂದು ಚಹಾ ಮುಟ್ಟದೆ ಹೊರಟ.

ಕಪಾಟು ತೆಗೆದು ಮನೆಯೊಡತಿಗೆ ಫೋನ್ ಮಾಡಿದೆ. ಮೂರು ಸಲ ಯಾರೂ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದವಳು ರೇಣುಕಾ. ಕಾಲೇಜಿನ ಹೆಸರು ಹೇಳುತ್ತಿದ್ದಂತೆ, "ಮಾವ ಬಂದಿದ್ನೇನ್ರಿ?" ಎಂದಳು.

"ಹೌದು. ವಿಳಾಸ ಸಿಕ್ಕಿರಬಹುದು."

"ಇರಬಹುದು ಅಂದ್ರ ಹೆಂಗ್ರಿ ಸರ? ಸಿಕ್ಕದೋ, ಇಲ್ಲೋ?"

"ಸಿಕ್ಕಿದೆ ಅಂತಲೇ ತಿಳಿದು ಹೊರಡಮ್ಮ" ಎಂದೆ. ಅವಳು ಶಹಾಬಾದಿಗೆ ರೈಲು ಹತ್ತಿದಳು. ಅಲ್ಲಿ ವಾರ್ಡನ್ನರ ಗೆಳತಿ ಇದ್ದರು. ಮರುವಾರ ಅಲ್ಲಿಂದಲೂ ದೂರ ಕಳಿಸಿದರು.

ಆಮೇಲೆ ಶುರುವಾಯಿತು ಅನುಮಾನ. ಆತ ಬರೀ ಗ್ರೂಪ್ ಫೋಟೋ ತೆಗೆದುಕೊಂಡಿದ್ದರೆ? ಒಂದು ಕಲೆಗೆ ಹೆದರಿ ಅವಳ ಕೆಲಸ, ಕೋಣೆ ಎರಡನ್ನೂ ನಾನೇ ಕಳೆದೆನೇ? ಈ ವೃತ್ತಿ ನನಗೆ ಕಲಿಸಿದ್ದು ಸಣ್ಣ ವಿಷಯ. ಪತ್ರ ತೆಗೆದರೆ ಸಾಲದು, ಅದು ಒರಗಿದ್ದ ಪುಟವನ್ನೂ ನೋಡಬೇಕು. ಸಂಬಂಧದ ಕಾಲಂನಲ್ಲಿ ಬಂದವರು ಹೇಳಿದ ಪದವನ್ನೇ ಬರೆಯಬೇಕು.

ತಿಂಗಳ ನಂತರ ವಾಡಿಗೆ ಹೋಗಿ ಮನೆಯೊಡತಿಯನ್ನು ಕೇಳಿದೆ.

"ಬಂದಿದ್ದಾ ರೀ, ಇಬ್ಬರನ್ನ ಕರ್ಕೊಂಡು. ಮನಿ ನಂಬರ ಬರೋಬ್ಬರಿ ಹೇಳ್ದ. ಆಕಿ ಹೋದ ದಿವ್ಸಾನೇ, ಸಂಜಿ ಐದಕ್ಕ."

ರೇಣುಕಾ ಬಾಗಿಲಿಗೆ ಬೀಗ ಹಾಕಿದ್ದು ನಾಲ್ಕಕ್ಕೆ.