ಚುಕ್ಕೆಯಮ್ಮ ಎಳೆದ ಪೆನ್ನಿನ ಗೆರೆ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಸಹಾಯಕಿಯಾಗಿದ್ದ ಅವಳಿಗೆ ಚುಕ್ಕೆಯಮ್ಮ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಫಿಲ್ಟರ್ ಪೇಪರಿನ ಪಟ್ಟಿಗೆ ಶಾಯಿಯ ಚುಕ್ಕೆ ಇಟ್ಟು, ತುದಿಯನ್ನು ನೀರಿಗೆ ತಾಗಿಸಿ ನೇತುಹಾಕುವ ದಿನ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. “ಚುಕ್ಕೆ ಸಣ್ಣದಿರ್ಲಿ. ಗೆರೆ ಪೆನ್ಸಿಲ್‌ನಲ್ಲೇ ಹಾಕಿ. ಪೆನ್ನಲ್ಲಿ ಹಾಕಿದ್ರೆ ಗೆರೆನೂ ಮೇಲೆ ಹತ್ತುತ್ತೆ.” ನೀರು ಏರಿದಂತೆ, ಕಾಗದವನ್ನು ಬಿಗಿಯಾಗಿ ಹಿಡಿದ ಬಣ್ಣ ಕೆಳಗುಳಿದು, ನೀರಿನ ಜೊತೆ ಹೊರಟ ಬಣ್ಣ ಮೇಲೆ ಹೋಗಿ, ಕಪ್ಪು ಅಂದುಕೊಂಡದ್ದು ಮೂರಾಗುತ್ತಿತ್ತು.

ಅಂಥವಳ ಮೇಲೆ ಪ್ರಿನ್ಸಿಪಾಲರಿಗೆ ಹೆಸರಿಲ್ಲದ ಪತ್ರ ಬಂತು: ಈ ಕಳ್ಳಿ ಸ್ಪಿರಿಟ್ ಕದ್ದು ಮಾರುತ್ತಾಳೆ. ಕಪ್ಪು ಶಾಯಿ, ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ.

“ಸೋಮವಾರದೊಳಗೆ ಉತ್ತರ ಕೊಡಿ. ಇಲ್ಲಾಂದ್ರೆ ನೀವೇ ಕೆಲಸ ಬಿಟ್ಬಿಡಿ,” ಎಂದು ಪ್ರಿನ್ಸಿಪಾಲರು ಪತ್ರವನ್ನು ಅವಳ ಕೈಗಿತ್ತರು. ಅವಳ ಮೈ ಉರಿದುಹೋಯಿತು.

ಶನಿವಾರ ಮಧ್ಯಾಹ್ನ ‘ಕಳ್ಳಿ’ ಎಂಬ ಪದವನ್ನೇ ಕತ್ತರಿಸಿ, ಎರಡು ಹನಿ ನೀರಲ್ಲಿ ಶಾಯಿ ಬಿಡಿಸಿ, ಪಟ್ಟಿಗೆ ಚುಕ್ಕೆ ಇಟ್ಟಳು. ಕೆಳಗೆ ನೇರಳೆ, ನಡುವೆ ನೀಲಿ, ಮೇಲೆ ಹಸಿರು ಬಂತು. ಸ್ಟಾಫ್ ರೂಮಿನ ಒಂಬತ್ತು ಪೆನ್ನುಗಳನ್ನು ಏನೇನೋ ನೆಪ ಹೇಳಿ ಇಸಕೊಂಡು ನೋಡಿದಳು. ಯಾವುದರಲ್ಲೂ ಹಸಿರಿಲ್ಲ. ಉಳಿದದ್ದು ಪ್ರಿನ್ಸಿಪಾಲರದೇ ಪೆನ್ನು; ಅದನ್ನೂ ಇಸಕೊಂಡು ತಂದಳು. ಅವಸರದಲ್ಲಿ ಪೆನ್ಸಿಲ್ ಎಲ್ಲೋ ಉರುಳಿತ್ತು. ಮೈಮರೆತು ತನ್ನ ಚೀಲದ ಪೆನ್ನಿನಲ್ಲೇ ಗೆರೆ ಎಳೆದುಬಿಟ್ಟಳು.

ಪ್ರಿನ್ಸಿಪಾಲರ ಚುಕ್ಕೆ ಬರೀ ನೀಲಿ. ಆದರೆ ಗೆರೆ ಮೇಲೇರತೊಡಗಿತು. ನೇರಳೆ. ನೀಲಿ. ಹಸಿರು.

ಪತ್ರದ ಪಟ್ಟಿಯನ್ನು ಪಕ್ಕಕ್ಕಿಟ್ಟು ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸ್ಟೂಲಿನ ಮೇಲೆ ಕುಸಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಚೀಲದ ಆ ಪೆನ್ನಿಗೆ ಶಾಯಿ ತುಂಬುವವನು ಅವಳ ಗಂಡ. ಸೀಸೆಗಳ ತಳದಲ್ಲುಳಿದ ನೀಲಿ, ನೇರಳೆ, ಹಸಿರನ್ನು ಚೆಲ್ಲಲು ಮನಸ್ಸು ಬಾರದೆ ಒಟ್ಟಿಗೆ ಸುರಿದು ‘ಕಪ್ಪು’ ಎನ್ನುವ ಮಹಾನುಭಾವ. ಅಂಥ ಕಪ್ಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮನೆಗೆ ಹೋದವಳೇ ಎರಡೂ ಪಟ್ಟಿಗಳನ್ನು ಅವನ ಮುಂದಿಟ್ಟಳು. ಇಪ್ಪತ್ತಾರು ವರ್ಷ ಅವಳ ಪಟ್ಟಿಗಳ ಕಥೆ ಕೇಳಿದವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

“ರಿಟೈರಾದ ಮೇಲೆ ಒಬ್ಬನೇ ಕೂತು ಕೂತು ಸಾಕಾಗಿತ್ತು ಕಣೇ. ಕೆಲಸ ಹೋದ್ರೆ ನೀನೂ ಮನೇಲಿರ್ತೀಯ ಅಂತ...”

“ಅದಕ್ಕೆ ನನ್ನನ್ನ ಕಳ್ಳಿ ಮಾಡಿದ್ರಾ?”

ಅವಳು ಬಿಳಿ ಹಾಳೆಯೊಂದನ್ನು ತಂದಿಟ್ಟು, ಅದೇ ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು.

“ಪ್ರಿನ್ಸಿಪಾಲರಿಗೆ ಇನ್ನೊಂದು ಬರೀರಿ. ಈ ಸಲ ಬಲಗೈಲಿ. ಕೆಳಗೆ ಹೆಸರು ಹಾಕಿ.”